ಹೊಳೆಗಿಂತ ಮೊದಲು ಮುಟ್ಟುವ ಲೆಕ್ಕ

ಬೆಳಗಿನ ಐದೂವರೆ. ಫಜರ್ ನಮಾಜು ಮುಗಿಸಿ ಬಂದ ಕೌಸರ್ ಹಗರಿಬೊಮ್ಮನಹಳ್ಳಿಯಲ್ಲಿ ನೆರೆಯ ಮುನ್ಸೂಚನೆ ಕೊಡುವ ಕಂಪನಿಯೊಂದರ ಬಾಡಿಗೆ ಕೋಣೆಯ ಬೀಗ ತೆಗೆಯುತ್ತಾರೆ. ಈ ಹೊತ್ತಿನಲ್ಲಿ ಕರೆಂಟು ಕೈಕೊಡುವುದಿಲ್ಲ. ಕೇಬಲ್ಲಿನಿಂದ ಒಂದಕ್ಕೊಂದು ಬೆಸೆದ ಐದು ಹಳೆಯ ಕಂಪ್ಯೂಟರುಗಳು ಗುಂಯ್‌ಗುಡುತ್ತ ಏಳುತ್ತವೆ. ಮೇಲಿನ ಊರುಗಳ ಮಳೆಯ ಅಂಕಿ ತುಂಬಿದರೆ, ಐದೂ ಯಂತ್ರ ಲೆಕ್ಕವನ್ನು ಪಾಲು ಹಂಚಿಕೊಂಡು, ಹೊಳೆ ಇವತ್ತು ಯಾರ ಹೊಲಕ್ಕೆ ನುಗ್ಗೀತು ಎಂದು ಹೇಳುತ್ತವೆ. ಇಷ್ಟಕ್ಕೆ ಮೂವತ್ತೆಂಟು ನಿಮಿಷ. ಕೂಡಲೇ ತಂಬ್ರಹಳ್ಳಿಯ ಎಸ್‌ಟಿಡಿ ಬೂತಿನ ಯರ್ರೆಪ್ಪನಿಗೆ ಫೋನು. ಅವನು ದಂಡೆಯವರಿಗೆ ಪಂಪ್‌ಸೆಟ್ ಎತ್ತಿಕೊಳ್ಳಿರೆಂದು ಸುದ್ದಿ ಮುಟ್ಟಿಸುತ್ತಾನೆ.

ಹೂವಿನಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವ ಫಕೀರಬಿಯ ಮಗಳು ಈ ಕೌಸರ್. ಡಿಪ್ಲೊಮಾದಲ್ಲಿ ಕಲಿತ ಫೋರ್ಟ್ರಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಆರು ವರ್ಷ ಕೂತು ಈ ಲೆಕ್ಕ ಬರೆದವರು. ಕಂಪನಿಯ ವರದಿಯಲ್ಲಿ ಅವರ ಹೆಸರಿಲ್ಲ. ಹಾಜರಿ ಪುಸ್ತಕದಲ್ಲಿದೆ: ಟೈಪಿಸ್ಟ್, ತಾತ್ಕಾಲಿಕ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. 2005ರ ಈ ಮಳೆಗಾಲಕ್ಕೆ ಮುಂಚೆ ನಗರದಿಂದ ಬಂದ ಕಂಪನಿಯ ದೊಡ್ಡ ಎಂಜಿನಿಯರು ಗುರುಸಂಗಪ್ಪ, ಇದು ಅಜ್ಜಿ ಕಾಲದ ಭಾಷೆಯೆಂದು ನಕ್ಕು, ಲೆಕ್ಕವನ್ನೆಲ್ಲ ಹೊಸ ಭಾಷೆಗೆ ಬದಲಿಸಿದರು.

"ಅಜ್ಜಿ ಅಂತ ನಗಬ್ಯಾಡ್ರಿ ಸಾರ್. ಹೊಳಿ ಅಜ್ಜಿಗಿಂತ ಹಳೇದೈತಿ," ಎಂದರಂತೆ ಕೌಸರ್.

ಹೊಸದೂ ಅದೇ ಉತ್ತರ ಕೊಟ್ಟಿತು, ನಾಲ್ಕು ತಾಸಿಗೆ. ಅದಕ್ಕೇ ಕಾಯಬೇಕೆಂದು ಕಟ್ಟಪ್ಪಣೆಯಾದ ದಿನ, ದಂಡೆಯ ಅಂಜಿನಕ್ಕನ ಪಂಪ್‌ಸೆಟ್ ಮುಳುಗಿದ ಮೇಲೆ ಫೋನು ಹೋಯಿತು.

ತಪ್ಪೆಲ್ಲಿ? ಕೌಸರ್ ಅವ್ವನ ಕಸುಬಿನ ಮಾತಿನಲ್ಲೇ ಬಿಡಿಸಿ ಹೇಳುತ್ತಾರೆ.

"ಸಾಲು ಹಿಡದು ಬಿಡಿಸಿದ್ರ ಬಿಸಲೇರೋದ್ರಾಗ ಬುಟ್ಟಿ ತುಂಬತೈತಿ. ಒಂದು ಮೊಗ್ಗು ಕಿತ್ತು ಆಚಿ ಸಾಲಿಗೆ ಜಿಗದ್ರ ಸಂಜಿ ಆಗತೈತಿ. ಫೋರ್ಟ್ರಾನ್ ಅಂಕಿಗಳ್ನ ಉದ್ದಸಾಲಿನಾಗ ಇಡತೈತ್ರಿ, ಹೊಸಾದು ಅಡ್ಡಸಾಲಿನಾಗ. ಇವರು ಇಡೋ ದಿಕ್ಕು ಬದಲಿಸ್ಯಾರ, ಬಿಡಿಸೋ ದಿಕ್ಕು ಹಂಗ ಬಿಟ್ಟಾರ."

ಇದನ್ನವರು ಮೂರು ಸಲ ಹೇಳಿದ್ದಾರೆ. ಟೈಪಿಸ್ಟಳ ಮಾತು ಯಾರಿಗೆ ಬೇಕು? ಪಂಪ್‌ಸೆಟ್ ಮುಳುಗಿದ್ದು ಮಳೆರಾಯನ ಲೆಕ್ಕಕ್ಕೆ ಹೋಯಿತು. ದುಡಿಯುವ ಕೈಯನ್ನು ಬಿಟ್ಟು ಹೊಸತನಕ್ಕೆ ಕೈಮುಗಿಯುವ ಈ ಭಕ್ತಿಯನ್ನು ಯಾವ ದೇವರೂ ಒಪ್ಪಲಾರ. ಬರುವ ಸೋಮವಾರ ಹಳೆಯದನ್ನು ಪೂರಾ ಅಳಿಸಿಹಾಕಬೇಕಂತೆ, ಅದೂ ಕೌಸರ್ ಕೈಯಿಂದಲೇ.

ಏನು ಬೇಕು ನಿಮಗೆ ಎಂದರೆ, ಕೌಸರ್ ಹೇಳುವುದು ಇಷ್ಟೇ.

"ನಂದ ಇರ್ಬೇಕಂತ ಹಟ ಇಲ್ರಿ. ಅಳಿಸೋಕಿಂತ ಮೊದ್ಲ ಎರಡು ದಿನ ಕೊಡ್ಲಿ, ಅವರದನ್ನೂ ನಾನ ತಿದ್ದಿ ಕೊಡ್ತೀನಿ. ಹೆಸರು ಅವರದ ಇರ್ಲಿ."