ನಮ್ಮ ಮನೆಯ ಅಮೆರಿಕ

ಲಾಕ್‌ಡೌನಿನ ಆ ದಿನಗಳಲ್ಲಿ ನಮಗೆ ಬೀದಿ, ಬಯಲು, ಜಗಲಿ ಎಲ್ಲವೂ ಒಂದೇ ಆಗಿತ್ತು: ಒಂಬತ್ತನೆಯ ಮಹಡಿಯ ಕಾರಿಡಾರು. ನೀವೂ ಆಗ ಮಕ್ಕಳಾಗಿದ್ದರೆ ನಿಮಗೂ ಅಂಥದೊಂದು ಜಾಗ ಇದ್ದಿರಬೇಕು. ತಾರಸಿಯೋ, ಮೆಟ್ಟಿಲೋ, ಬಾಲ್ಕನಿಯ ಮೂಲೆಯೋ. ನಾವಿದ್ದದ್ದು ಮಲೇಶಿಯಾದ ನಿಲಾಯ್‌ನಲ್ಲಿ. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ, ಮೊದಲೆಲ್ಲ ಮಾತಾಡುವಾಗ ತಲೆಯ ಮೇಲೆ ವಿಮಾನ ಬಂದರೆ ಅದು ದಾಟುವವರೆಗೆ ಸುಮ್ಮನಿದ್ದು ಆಮೇಲೆ ಮುಂದುವರಿಸುವುದು ಎಲ್ಲರಿಗೂ ರೂಢಿಯಾಗಿತ್ತು. ಆ ವರ್ಷ ಆಕಾಶ ಖಾಲಿಯಾಯಿತು. ಮಾತಿಗೆ ತಡೆಯೇ ಇಲ್ಲದಂತಾಯಿತು.

ನನಗೆ ಆಗ ಹನ್ನೆರಡು. ಬೆಳಿಗ್ಗೆ ಎದ್ದು ಲ್ಯಾಪ್‌ಟಾಪಿನ ಮುಂದೆ ಕೂರುವುದು, ಕ್ಯಾಮೆರಾ ಆಫ್ ಮಾಡಿಕೊಳ್ಳುವುದು, ಪಾಠ ಮುಗಿದಾಗ ‘ಥ್ಯಾಂಕ್ಯೂ ಟೀಚರ್’ ಎಂದು ಟೈಪು ಮಾಡುವುದು. ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸವಿರಲಿಲ್ಲ. ಕಾಲು ಮಡಿಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಆ ವರ್ಷ ನನಗೆ ಇಡೀ ಮೈಗೆ ಹಾಗೆ ಹಿಡಿದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅದೂ ಅನ್ನಿಸಿರಲಿಲ್ಲ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿಗಳು ಊರಿಗೆ ಹೋಗಿಬಿಟ್ಟಿದ್ದರು. ಉಳಿದದ್ದು ಎರಡೇ ಮನೆ, ಎದುರುಬದುರು. ನಮ್ಮದರಲ್ಲಿ ನಾನು, ಅಪ್ಪ, ಅಮ್ಮ. ಅಪ್ಪ ಮೈಸೂರಿನವರು, ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಅಮ್ಮ ಧಾರವಾಡದವಳು. ಎದುರು ಮನೆಯಲ್ಲಿ ಗ್ರಹಾಂ ಅಂಕಲ್ ಮತ್ತು ಡೆಬಿ ಆಂಟಿ. ಗ್ರಹಾಂ ಅಂಕಲ್ ಇಂಗ್ಲೆಂಡಿನವರು, ಅಪ್ಪನ ವಿಶ್ವವಿದ್ಯಾಲಯದಲ್ಲೇ ಇಂಗ್ಲಿಷ್ ಮೇಷ್ಟ್ರು. ಡೆಬಿ ಆಂಟಿ ಅಮೆರಿಕದ ಓಹಾಯೋದ ಒಂದು ಸಣ್ಣ ಊರಿನವರು. ಮಕ್ಕಳಿರಲಿಲ್ಲ.

ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಅದಕ್ಕೆ ಸಂಜೆ ಎರಡೂ ಮನೆಯವರು ತಂತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ನಡುವೆ ಕಾರಿಡಾರಿನ ಬಿಳಿ ಟೈಲ್ಸು. ನಮ್ಮ ಕಡೆಯಿಂದ ಜೋಳದ ರೊಟ್ಟಿಯ ಸುಟ್ಟ ವಾಸನೆ, ಅವರ ಕಡೆಯಿಂದ ಬೆಣ್ಣೆ ಹಚ್ಚಿದ ಟೋಸ್ಟಿನದು, ಎಲ್ಲದರ ಮೇಲೆ ಸ್ಯಾನಿಟೈಸರಿನದು. ಪಟ್ಟಣದ ತಮಿಳು ಅಂಗಡಿಯವರು ವಾರಕ್ಕೊಮ್ಮೆ ಎರಡೂ ಮನೆಯ ತರಕಾರಿಯನ್ನು ಒಂದೇ ಪೆಟ್ಟಿಗೆಯಲ್ಲಿ ತಂದು ಲಿಫ್ಟಿನ ಮುಂದೆ ಇಟ್ಟು, ‘ಕತ್ತರಿಕಾಯ್ ಇವತ್ತು ಫ್ರೆಶ್ ಲಾ’ ಎಂದು ಕೂಗಿ ಇಳಿದುಬಿಡುತ್ತಿದ್ದರು. ಪೆಟ್ಟಿಗೆಯಿಂದ ತೆಗೆದು ಹಂಚುವ ಕೆಲಸ ಅಮ್ಮನದು ಮತ್ತು ಡೆಬಿ ಆಂಟಿಯದು.

‘ಎಗ್‌ಪ್ಲಾಂಟ್ ನಿಮಗೆ ಎಷ್ಟು ಬೇಕು?’ ಎಂದು ಡೆಬಿ ಆಂಟಿ ಬದನೆಕಾಯಿ ಎತ್ತಿ ಹಿಡಿದು ಕೇಳಿದರೆ ಗ್ರಹಾಂ ಅಂಕಲ್ ಕುರ್ಚಿಯಿಂದಲೇ ಶುರುಮಾಡುತ್ತಿದ್ದರು. ‘ಇಂಗ್ಲಿಷಿನಲ್ಲಿ ಅದು ಆಬರ್ಜೀನ್. ಮೊಟ್ಟೆಯ ಹಾಗೆ ಕಾಣುತ್ತಾ ಅದು? ಆ ಇಡೀ ದೇಶಕ್ಕೆ ಕಣ್ಣು ಪರೀಕ್ಷೆ ಮಾಡಿಸಬೇಕು.’

ಅಪ್ಪ ನಗುತ್ತಿದ್ದರು. ಡೆಬಿ ಆಂಟಿಯೂ ನಗುತ್ತಿದ್ದರು, ಎಲ್ಲ ಹಲ್ಲೂ ಕಾಣುವಂತೆ. ಆ ನಗುವಿನ ಬಗ್ಗೆಯೂ ಗ್ರಹಾಂ ಅಂಕಲ್ ಹತ್ತಿರ ಮಾತಿತ್ತು. ಅಮೆರಿಕದವರು ಹಲ್ಲು ತೋರಿಸೋದು ಖುಷಿಗಲ್ಲ, ಹಲ್ಲಿನ ಡಾಕ್ಟರಿಗೆ ಕೊಟ್ಟ ದುಡ್ಡು ದಂಡ ಆಗಬಾರದು ಅಂತ. ಅವರು ಚಹಾವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡುತ್ತಾರೆ. ಹಾಲಿಗೂ ಐಸು ಹಾಕುತ್ತಾರೆ. ತಮ್ಮ ದೇಶ ಯಾವುದು ಅಂತ ಮರೆತುಹೋಗಬಾರದೆಂದು ಮನೆಮನೆಯ ಮುಂದೆ ಬಾವುಟ ಕಟ್ಟುತ್ತಾರೆ. ಬಸ್ ಸ್ಟಾಪಿನಲ್ಲಿ ಸಿಕ್ಕವನಿಗೆ ತಮ್ಮ ಡೈವೋರ್ಸಿನ ಕಥೆ ಹೇಳುತ್ತಾರೆ. ತಮಾಷೆ ಮಾಡಿದರೆ, ‘ಇದು ತಮಾಷೆ’ ಎಂದು ಬೋರ್ಡು ಹಾಕಬೇಕು. ‘ಅಮೆರಿಕದವಳು ಐ ಲವ್ ಇಟ್ ಅಂದರೆ ಬಾಯಿಗೆ ಇಟ್ಟುಕೊಂಡಿದ್ದಾಳೆ ಅಂತ ಅರ್ಥ, ಅಷ್ಟೇ. ನಮ್ಮವನು ಪರವಾಗಿಲ್ಲ ಅಂದರೆ ಅವನು ಆ ಅಡುಗೆಯವಳನ್ನ ಮದುವೆ ಆಗೋಕೆ ತಯಾರಿದ್ದಾನೆ ಅಂತ.’

‘ಲಂಡನ್ನಿನವರು ಇವನ ಮಾತಿಗೆ ನಗುತ್ತಾರೆ, ಗೊತ್ತಾ?’ ಎಂದು ಡೆಬಿ ಆಂಟಿ ಒಮ್ಮೆ ಅಮ್ಮನಿಗೆ ಹೇಳಿದರು. ‘ಇವನು ಉತ್ತರ ಇಂಗ್ಲೆಂಡಿನವನು. ಲಂಡನ್ನಿನ ಹೋಟೆಲಿನಲ್ಲಿ ಬಾಯಿ ಬಿಡೋದೇ ಇಲ್ಲ, ನನ್ನ ಕೈಲೇ ಆರ್ಡರ್ ಮಾಡಿಸ್ತಾನೆ.’ ಗ್ರಹಾಂ ಅಂಕಲ್ ಕಿವಿ ಕೆಂಪಾಯಿತು.

ಅಪ್ಪನಿಗೆ ಈ ಆಟ ಬಹಳ ಹಿಡಿಸಿತ್ತು. ಒಂದು ಸಂಜೆ ಪೆಟ್ಟಿಗೆಯ ತಳದಿಂದ ಅಮ್ಮ ಈರುಳ್ಳಿ ಚೀಲ ತೆಗೆಯುತ್ತಿದ್ದಾಗ ಅವರು ಇಂಗ್ಲಿಷಿನಲ್ಲಿ ಹೇಳಿದರು: ‘ನಮ್ಮ ಮನೆಯಲ್ಲೂ ಒಂದು ಅಮೆರಿಕ ಇದೆ, ಗ್ರಹಾಂ. ಇದಕ್ಕೆ ಇವಳು ಏನಂತಾಳೆ ಕೇಳು.’

‘ಉಳ್ಳಾಗಡ್ಡಿ’ ಎಂದಳು ಅಮ್ಮ.

ಗ್ರಹಾಂ ಅಂಕಲ್ ಅದನ್ನು ಹೇಳಲು ನೋಡಿ ಸೋತರು. ‘ಇದು ತರಕಾರಿಯಲ್ಲ, ಯಾವುದೋ ಕೋಟೆಯ ಹೆಸರು’ ಎಂದರು.

‘ಗಡ್ಡಿ ಅಲ್ಲೇನ್ರಿ ಅದು? ಗಡ್ಡಿಗೆ ಗಡ್ಡಿ ಅನ್ನದ ಮತ್ತೇನಂತಾರ?’ ಎಂದು ಅಮ್ಮ ಅಪ್ಪನಿಗೆ ಹೇಳಿ ತಾನೂ ನಕ್ಕಳು. ಅಪ್ಪ ‘ಅನ್ನದ, ಮತ್ತೇನಂತಾರ’ ಎಂದು ರಾಗವಾಗಿ ಅಣಕಿಸಿದರು. ಅವರು ಅಣಕಿಸುವುದು ಹೊಸದೇನಲ್ಲ. ಬೆಳಿಗ್ಗೆ ಅಮ್ಮ ‘ಚಾ ತೊಗೊಳ್ರಿ’ ಅಂದರೆ ಅಪ್ಪ ‘ತೊಗೊಂಡೆನ್ರೀ’ ಎನ್ನುತ್ತಿದ್ದರು. ನನಗೆ ಚಿಕ್ಕಂದಿನಲ್ಲಿ ‘ಅವ್ವ ಅನ್ನಬೇಡ, ಅಮ್ಮ ಅನ್ನು’ ಎಂದು ತಿದ್ದಿದ್ದೂ ಅವರೇ. ಆದರೆ ಕಾರಿಡಾರಿನಲ್ಲಿ ಅದಕ್ಕೆ ಹೆಸರು ಸಿಕ್ಕಿತು. ಅಂದಿನಿಂದ ಅಪ್ಪ ಅಮ್ಮನನ್ನು ‘ನಮ್ಮ ಅಮೆರಿಕ’ ಎನ್ನತೊಡಗಿದರು.

ಡೆಬಿ ಆಂಟಿಗೆ ಅಮ್ಮನ ಕೆಲಸವನ್ನೆಲ್ಲ ನೋಡಬೇಕು, ಎಲ್ಲವನ್ನೂ ಕೇಳಬೇಕು. ಅಮ್ಮ ಸಣ್ಣ ಕರೆಂಟ್ ಒಲೆಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ರೊಟ್ಟಿ ಬಡಿಯುವಾಗ ಆಂಟಿ ಎದುರು ನೆಲದ ಮೇಲೆ ಕೂತು, ತಮ್ಮ ಅಂಗೈಯಿಂದ ಟೈಲ್ಸಿನ ಮೇಲೆ ತಟ್ಟಿ ಆ ಸದ್ದನ್ನು ಕಲಿತರು. ನಾನು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದರೆ, ಓಹಾಯೋದಲ್ಲಿ ಬೇರೆ ಥರ ಬರೆಯುತ್ತೇವೆ ಎಂದು ಅಳಿಸಿ ಬರೆದರು. ಅಮ್ಮ ಅದನ್ನೂ ಅಳಿಸಿದಳು. ‘ಹಂಗಲ್ಲ, ತಡೀರಿ, ನಮ್ಮ ಓಣ್ಯಾಗ ಹಿಂಗ ಬರೀತಿದ್ವಿ.’ ಆಂಟಿಗೆ ಒಂದಕ್ಷರ ತಿಳಿಯದಿದ್ದರೂ ಹೌದು ಹೌದು ಎಂದು ತಲೆಯಾಡಿಸಿದರು. ಇಬ್ಬರು ದೊಡ್ಡ ಹೆಂಗಸರು ಮಾಸ್ಕ್ ಹಾಕಿಕೊಂಡು ಒಂದು ಕಾಲಿನಲ್ಲಿ ಕುಂಟುವುದನ್ನು ನೋಡುತ್ತ ಗಂಡಸರಿಬ್ಬರೂ ಚಹಾ ಕುಡಿದರು.

‘ನೋಡು, ಎರಡೂ ಅಮೆರಿಕ ಕುಣೀತಿವೆ’ ಎಂದರು ಅಪ್ಪ.

‘ಸದ್ದು ಕೇಳಿಯೇ ಹೇಳಬಹುದು’ ಎಂದರು ಗ್ರಹಾಂ ಅಂಕಲ್.

ಎಲ್ಲರೂ ನಕ್ಕೆವು. ನಾನು ಜೋರಾಗಿ ನಕ್ಕೆ.

ಆಮೇಲೆ ಓಹಾಯೋದಿಂದ ಸುದ್ದಿ ಬಂತು. ಡೆಬಿ ಆಂಟಿಯ ಅಮ್ಮನಿಗೆ ಕೋವಿಡ್. ಹೇಗೋ ಒಂದು ವಿಮಾನದಲ್ಲಿ ಸೀಟು ಸಿಕ್ಕಿತು. ಆದರೆ ಒಮ್ಮೆ ಹೊರಗೆ ಹೋದ ವಿದೇಶಿಯರು ಮತ್ತೆ ಒಳಗೆ ಬರಬೇಕಾದರೆ ಸರ್ಕಾರದ ಅನುಮತಿ ಬೇಕು, ಅದು ಯಾವಾಗ ಸಿಗುತ್ತದೋ ಯಾರಿಗೂ ಗೊತ್ತಿಲ್ಲ. ಗ್ರಹಾಂ ಅಂಕಲ್ ಕೆಲಸ ಬಿಟ್ಟು ಹೋಗುವಂತಿರಲಿಲ್ಲ.

‘ಪಾಪ, ಆಕಿ ಒಬ್ಬಾಕೀನ ಹೊಂಟಾಳ್ರಿ’ ಎಂದು ಅಮ್ಮ ಬೆಳಿಗ್ಗೆಯಿಂದ ಕೂತು ಖಡಕ್ ರೊಟ್ಟಿ ಮಾಡಿದಳು. ಶೇಂಗಾ ಚಟ್ನಿಪುಡಿಯ ಜೊತೆ ಕಟ್ಟಿಕೊಟ್ಟಳು. ಲಿಫ್ಟಿನ ಮುಂದೆ ಡೆಬಿ ಆಂಟಿ ಅಂತರ ಗಿಂತರ ನೋಡದೆ ಅಮ್ಮನನ್ನು ಅಪ್ಪಿಕೊಂಡುಬಿಟ್ಟರು. ಅಮ್ಮನಿಗೆ ಅಭ್ಯಾಸವಿಲ್ಲ, ಕೈ ಎಲ್ಲಿಡಬೇಕೋ ತಿಳಿಯದೆ ಆಂಟಿಯ ಬೆನ್ನು ಸವರಿದಳು.

‘ವಿಮಾನದಲ್ಲಿ ಪಕ್ಕದವನಿಗೆ ನಿನ್ನ ಜೀವನಚರಿತ್ರೆ ಹೇಳಬೇಡ’ ಎಂದರು ಗ್ರಹಾಂ ಅಂಕಲ್. ಅವರ ದನಿ ನಡುಗುತ್ತಿತ್ತು, ನನಗೆ ಚೆನ್ನಾಗಿ ನೆನಪಿದೆ. ಆದರೆ ಬಾಯಿಗೆ ಬಂದದ್ದು ಅದೇ ಮಾತು. ಡೆಬಿ ಆಂಟಿ ಅವರನ್ನು ಸ್ವಲ್ಪ ಹೊತ್ತು ನೋಡಿದರು. ಲಿಫ್ಟು ಬಂತು.

ಆಂಟಿಯ ಅಮ್ಮ ಉಳಿಯಲಿಲ್ಲ. ಆಂಟಿ ಅಲ್ಲೇ ಇದ್ದರು. ಅನುಮತಿ ಬರುವುದು ನಿಧಾನ ಎಂದು ಗ್ರಹಾಂ ಅಂಕಲ್ ದಿನಾ ಹೇಳುತ್ತಿದ್ದರು. ‘ಇಲ್ಲಿಯ ಕಚೇರಿಗಳು ಗೊತ್ತಲ್ಲ’ ಎನ್ನುತ್ತಿದ್ದರು. ಸಂಜೆ ಅವರ ಬಾಗಿಲಲ್ಲಿ ಒಂದೇ ಕುರ್ಚಿ. ಅಮೆರಿಕದ ಮಾತುಗಳನ್ನು ಅವರು ಈಗ ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ನಗುತ್ತಿದ್ದರು, ಆದರೂ ಮಾತುಗಳು ಟೈಲ್ಸಿನ ಮೇಲೆ ಬಿದ್ದ ಹಾಗೆ ಇರುತ್ತಿದ್ದವು.

ಒಂದು ಸಂಜೆ ಅವರು ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ನಮ್ಮ ಕಡೆಗೆ ತಿರುಗಿಸಿದರು. ತೆರೆಯಲ್ಲಿ ಡೆಬಿ ಆಂಟಿ, ಅಲ್ಲಿ ಬೆಳಗಿನ ಹೊತ್ತು. ನನ್ನ ಶಾಲೆ ವಿಚಾರಿಸಿದರು, ಅಮ್ಮನಿಗೆ ರೊಟ್ಟಿ ಖಾಲಿಯಾದದ್ದನ್ನು ಹೇಳಿದರು. ಅಕ್ಕಪಕ್ಕದವರು ಇನ್ನೂ ದಿನಾ ಬಂದು ಅಡುಗೆ ಕೊಟ್ಟು, ಬಾಗಿಲಲ್ಲೇ ನಿಂತು ಅತ್ತುಹೋಗುತ್ತಾರೆ ಎಂದರು.

‘ಗುರುತೇ ಇಲ್ಲದವರೂ ಅಳ್ತಾರಲ್ಲ?’ ಎಂದರು ಗ್ರಹಾಂ ಅಂಕಲ್. ‘ಮಣ್ಣು ಮಾಡುವಾಗ ಬಲೂನು ಹಾರಿಬಿಟ್ಟರಾ? ಬಾವುಟ ಇತ್ತಾ?’

ಅಪ್ಪ ನಗಲು ಹೊರಟವರು ನಿಲ್ಲಿಸಿಕೊಂಡರು.

ಡೆಬಿ ಆಂಟಿ ದನಿ ಏರಿಸದೆ ಹೇಳಿದರು. ‘ಗ್ರಹಾಂ, ನಾನು ವಾಪಸು ಬರೋಕೆ ಅನುಮತಿ ಕೇಳೇ ಇಲ್ಲ.’

‘ಅಂದರೆ?’

‘ಇಲ್ಲಿ ಅಂಗಡಿಗೆ ಹೋಗಿ ನಾನು ಬಾಯಿ ಬಿಟ್ಟರೆ ಯಾರೂ ನಗೋದಿಲ್ಲ. ಸುಮ್ಮನೆ ಸಾಮಾನು ಕೊಡ್ತಾರೆ. ಮೊದಲ ವಾರ ಅದೇನೋ ವಿಚಿತ್ರ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ನನಗೆ ಬಹಳ ವರ್ಷದಿಂದ ಸುಸ್ತಾಗಿತ್ತು.’

‘ನಾನು ತಮಾಷೆಗೆ ಹೇಳ್ತಿದ್ದದ್ದು, ಡೆಬಿ.’

‘ಗೊತ್ತು. ನಾನೂ ನಗ್ತಿದ್ದೆನಲ್ಲ, ದಿನಾ.’

ಅಪ್ಪ ಎದ್ದು, ಬೇರೆಯವರ ಮನೆಯ ವಿಷಯ ಎನ್ನುವಂತೆ ನನಗೆ ಕಣ್ಣಲ್ಲೇ ಸನ್ನೆ ಮಾಡಿ ಒಳಗೆ ಹೋದರು. ನಾನೂ ಎದ್ದೆ. ಅಮ್ಮ ಏಳಲಿಲ್ಲ. ಮಾತು ಮುಗಿದು ತೆರೆ ಕಪ್ಪಾದಮೇಲೂ, ಗ್ರಹಾಂ ಅಂಕಲ್ ಲ್ಯಾಪ್‌ಟಾಪ್ ಮಡಚಿ ಬಾಗಿಲು ಹಾಕಿಕೊಂಡಮೇಲೂ, ಅವಳು ಅಲ್ಲೇ ಕೂತಿದ್ದಳು. ನಾನು ಒಳಗಿನಿಂದ ನೋಡಿದೆ. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಮರುದಿನದ ಗಣಿತದ ಹೋಮ್‌ವರ್ಕ್ ಅಪ್‌ಲೋಡ್ ಮಾಡಿದೆ.

ಮುಂದಿನ ವಾರ ಅಪ್ಪ ಅಂಗಡಿಗೆ ಫೋನ್ ಮಾಡುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಹೇಳಿದಳು. ‘ಈರುಳ್ಳಿ ಖಾಲಿಯಾಗಿದೆ. ಎರಡು ಕೇಜಿ ಹೇಳ್ತೀರಾ?’

ಅಪ್ಪ ಫೋನಿನ ಮೇಲೆ ಕೈ ಮುಚ್ಚಿ ನಕ್ಕರು. ‘ಏನೇ ಇದು, ಮೈಸೂರು ಮಹಾರಾಣಿ ಥರ?’

‘ನಿಮಗೆ ಅರ್ಥ ಆಗಲಿ ಅಂತ’ ಎಂದಳು ಅಮ್ಮ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದು ಅಲ್ಲಿಗೆ ಮುಗಿಯಲೂ ಇಲ್ಲ. ಅಂದಿನಿಂದ ಅವಳು ಮನೆಯಲ್ಲಿ ಅಪ್ಪನ ಹಾಗೆಯೇ ಮಾತಾಡಿದಳು. ಎಲ್ಲಿಯೂ ತಪ್ಪಲಿಲ್ಲ. ಊಟಕ್ಕೆ ಕರೆಯುವಾಗ ‘ಬಾರವ್ವಿ, ಎಷ್ಟೊತ್ತಾತು ಕರಿಯಾಕತ್ತು’ ಅನ್ನುತ್ತಿದ್ದವಳು ‘ಊಟಕ್ಕೆ ಬಾ ಪುಟ್ಟಿ’ ಎಂದಳು. ಅಪ್ಪ ಮೊದಲು ತಮಾಷೆ ಮಾಡಿದರು. ಆಮೇಲೆ ಸುಮ್ಮನಾದರು. ಎಷ್ಟೋ ದಿನ ಕಳೆದಮೇಲೆ ಒಮ್ಮೆ ಊಟದ ನಡುವೆ ಕೇಳಿದರು.

‘ಸುಜಾತಾ, ಮೊದಲಿನ ಥರ ಮಾತಾಡೇ.’

‘ಯಾವ ಥರ?’

‘ಅದೇ, ನಿಮ್ಮ ಕಡೆಯ ಥರ.’

‘ಇದೇ ಅಭ್ಯಾಸ ಆಗಿಹೋಗಿದೆ ರೀ. ಸಾರು ಹಾಕ್ಲಾ?’

ಅವಳು ಧಾರವಾಡಕ್ಕೆ ಫೋನ್ ಮಾಡುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಹೊರಗೆ ಪಾಠಕ್ಕೆ ಕೂತು ಒಂದು ಕಿವಿಯ ಹೆಡ್‌ಫೋನ್ ಸರಿಸಿ ಕೇಳುತ್ತಿದ್ದೆ. ಒಳಗೆ ಅದೇ ಮಾತು, ಅದೇ ಏರಿಳಿತ, ‘ಹೌದಽ, ಖರೇನಽ’ ಎಂದು ನಗುವುದು. ಅಭ್ಯಾಸ ತಪ್ಪಿರಲಿಲ್ಲ. ನಮಗೆ ಕೊಡುವುದನ್ನು ನಿಲ್ಲಿಸಿದ್ದಳು, ಅಷ್ಟೇ. ಅದು ನನಗೆ ತಿಳಿಯಿತು. ತಿಳಿದು ಹೆಡ್‌ಫೋನ್ ಮತ್ತೆ ಹಾಕಿಕೊಂಡೆ.

ಗಡಿ ತೆರೆದಮೇಲೆ ಗ್ರಹಾಂ ಅಂಕಲ್ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೊರಟರು. ಅದಕ್ಕೂ ಮೊದಲು ಒಮ್ಮೆ ಓಹಾಯೋಗೆ ಹೋಗಿ ಒಬ್ಬರೇ ವಾಪಸು ಬಂದಿದ್ದರು. ಹೊರಡುವ ದಿನ ನಮ್ಮ ಬಾಗಿಲಿಗೆ ಬಂದರು. ಅಪ್ಪ ಕಾರು ತರಲು ಕೆಳಗೆ ಇಳಿದಿದ್ದರು. ಬಹಳ ಸೊರಗಿದ್ದರು ಅಂಕಲ್. ಅಮ್ಮನ ಮುಖ ನೋಡದೆ ಕೇಳಿದರು.

‘ಸುಜಾತಾ, ನಾನು ಕೆಟ್ಟದಾಗಿ ನಡೆದುಕೊಂಡೆನಾ?’

ಅಮ್ಮ ಇಂಗ್ಲಿಷಿನಲ್ಲಿ ಹೇಳಿದಳು. ‘ನಿಮ್ಮ ಮಾತು ಯಾವಾಗಲೂ ನಗು ಬರಿಸುತ್ತಿತ್ತು, ಗ್ರಹಾಂ.’

ಅವರು ತಲೆಯಾಡಿಸಿ ಲಿಫ್ಟಿನ ಕಡೆಗೆ ನಡೆದರು.

ಈಗ ವಿಮಾನಗಳು ಮತ್ತೆ ಹಾರುತ್ತವೆ. ಅಪ್ಪ ಅಮ್ಮ ಅದೇ ಮನೆಯಲ್ಲಿದ್ದಾರೆ, ಜಗಳವಿಲ್ಲ. ಅಪ್ಪ ಯಾರನ್ನೂ ಅಣಕಿಸುವುದಿಲ್ಲ. ಅಮ್ಮನಿಗೆ ಏನಾದರೂ ಹೇಳುವ ಮೊದಲು ಒಂದು ಗಳಿಗೆ ತಡೆಯುತ್ತಾರೆ. ನಾನು ಕನ್ನಡ ಮಾತಾಡಿದರೆ ಅದು ಪೂರ್ತಿ ಅಪ್ಪನ ಕನ್ನಡ.

ಹೋದ ರಜೆಯಲ್ಲಿ ಅಮ್ಮನ ಜೊತೆ ಧಾರವಾಡಕ್ಕೆ ಹೋಗಿದ್ದೆ. ಮಧ್ಯಾಹ್ನ ಮಲಗಿ ಎದ್ದಾಗ ಸೋದರಮಾವನ ಮನೆಯ ಹಿತ್ತಲಿನಿಂದ ಮಾತು ಕೇಳುತ್ತಿತ್ತು. ಅಮ್ಮ ಮತ್ತು ಅವಳ ಅಕ್ಕತಂಗಿಯರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಅಮ್ಮ ಏನೋ ಕಥೆ ಹೇಳುತ್ತಿದ್ದಳು. ಕೈ ಆಡಿಸುತ್ತ, ಯಾರದೋ ನಡಿಗೆಯನ್ನು ತೋರಿಸುತ್ತ, ‘ಹಂಗಂದ ಕೂಡಲೇ ಆಕಿ ಏನಂದ್ಲು ಗೊತ್ತೇನು’ ಎಂದು ದನಿ ಎತ್ತಿದ್ದಳು. ಅಷ್ಟು ಮಾತಾಡುವ ಹೆಂಗಸನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಬಾಗಿಲ ಮರೆಯಲ್ಲೇ ನಿಂತೆ. ಆಕೆ ಏನೆಂದಳೋ ತಿಳಿಯುವ ಮೊದಲೇ ದೊಡ್ಡಮ್ಮ ನನ್ನನ್ನು ನೋಡಿದರು. ಅಮ್ಮ ತಿರುಗಿದಳು.

‘ಎದ್ಯಾ ಪುಟ್ಟಿ? ಕಾಫಿ ಮಾಡಿಕೊಡ್ಲಾ?’

ಉಳಿದವರೂ ಮಾತು ನಿಲ್ಲಿಸಿ, ನೆಂಟರ ಕಡೆಗೆ ನೋಡುವ ಹಾಗೆ ಮುಗುಳ್ನಕ್ಕು ಕಾದರು.

‘ಏನೂ ಬೇಡಮ್ಮ’ ಎಂದು ಹೇಳಿ ನಾನು ಒಳಗೆ ಬಂದೆ.