ಹೆಸರು ಕೊರೆಯುವ ಇಮಾಮಸಾಬ ಕಾಕಾ

ಹೆಸರು ಕೊರೆಯುವ ಚಾಣ ಹಿಡಿದಾಗ ಮಾತ್ರ ಇಮಾಮಸಾಬ ಕಾಕಾನ ಕೈ ನಡುಗುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಆ ಮನುಷ್ಯ ಅಂಜುತ್ತಲೇ ಇದ್ದ. ನಾಯಿಗೆ, ಎಮ್ಮೆಗೆ, ಬಸ್ಸಿನ ಹಾರ್ನಿಗೆ, ಎಲ್ಲಕ್ಕಿಂತ ಹೆಚ್ಚು ಕತ್ತಲಿಗೆ. ಹೊತ್ತು ಇಳಿಯುವ ಮೊದಲೇ ಗಂಟು ಕಟ್ಟುತ್ತಿದ್ದ. "ಹೋಗೂಣು ನಡೀಲೇ ಮಂಜ್ಯಾ, ನಿನಗ ಜೀವದ ಖಬರಿಲ್ಲ," ಎಂದು ನನ್ನನ್ನು ಅವಸರಿಸುತ್ತಿದ್ದ.

ನಾನು ಗೂಡ್ಸ್ ಆಟೋದಲ್ಲಿ ಸಂತೆಯಿಂದ ಸಂತೆಗೆ ಪಾತ್ರೆ ಮಾರುವವನು. ಕಾಕಾ ನನ್ನ ಬಾಜು ಕೂತು, ಕೊಂಡವರ ಹೆಸರನ್ನು ಪಾತ್ರೆಯ ಮೇಲೆ ಕೊರೆಯುತ್ತಿದ್ದ. ಹೆಸರು ಬರೆದ ಚೀಟಿ ಕೊಟ್ಟರೆ ಮುಟ್ಟುತ್ತಿರಲಿಲ್ಲ.

"ಬಾಯಿಲೆ ಹೇಳ್ರಿ ಯವ್ವಾ. ಅವರವರ ಹೆಸರು ಅವರವರ ಬಾಯಾಗಿಂದನ ಬರಬೇಕು."

ಮದುವೆ ಗೊತ್ತಾದ ಹುಡುಗಿ ನಾಚಿ ಗುನುಗಿದರೆ, "ಜೋರ್ಲೆ ಹೇಳವಾ, ತಂಬಿಗಿಗೆ ಕಿವಿ ಕೇಳೂದಿಲ್ಲ," ಎನ್ನುತ್ತಿದ್ದ. ಹಿಂದೆ ಗಿರಾಕಿ ನಿಂತಿರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಒಮ್ಮೆ ಶಲವಡಿಯ ಸಂತೆಯಲ್ಲಿ ಒಬ್ಬ ಹುಡುಗಿ ತಾಯಿಗೆ ಕೊಡ ಕೊಳ್ಳಲು ಬಂದಳು. ಚೀನಾದಲ್ಲಿ ಡಾಕ್ಟರಿಕೆ ಓದಿದವಳು. ಕಾಕಾನ ಕೆಲಸ ನೋಡುತ್ತ ನಿಂತು, "ನೀವು ಮಾಡೂ ಕೆಲಸಕ್ಕ ಅಲ್ಲೆ ಒಂದ ಅಕ್ಷರ ಐತ್ರಿ ಕಾಕಾ. ಮಿಂಗ್ ಅಂತಾರ," ಎಂದು ಅಲ್ಲಿ ಬಿದ್ದಿದ್ದ ತಗಡಿನ ಮೇಲೆ ಪೆನ್ನಿನಿಂದ ಬರೆದಳು. "ಎಡಕ್ಕಿರೂದು ಲೋಹ, ಬಲಕ್ಕಿರೂದು ಹೆಸರು. ಕೂಡಿದ್ರ, ಲೋಹದ ಮ್ಯಾಲಿನ ಬರಹ. ಹಿಂದಕ ಕಂಚಿನ ಪಾತ್ರೆಯೊಳಗ ಸತ್ತ ಹಿರಿಯರ ಹೆಸರು ಹಾಕ್ತಿದ್ರು. ಮುಂದ, ಮರೀದಂಗ ಮನಸಿನ್ಯಾಗ ಇಟ್ಗೊಳ್ಳೂದಕ್ಕೂ ಅದ ಅಕ್ಷರ ಆತು."

"ಈ ಬಲಕ್ಕಿರೂ ಹೆಸರಿನೊಳಗ ಮತ್ತೇನೈತವಾ, ಎರಡು ತುಂಡ ಕಾಣ್ತಾವಲ್ಲ?"

"ಮ್ಯಾಲ ಸಂಜಿ, ಕೆಳಗ ಬಾಯಿ. ಕತ್ತಲಾದ್ರ ಮಾರಿ ಕಾಣೂದಿಲ್ಲ, ಅದಕ್ಕ ನಾ ಇಂಥಾಂವ ಅಂತ ಬಾಯಿಲೆ ಹೇಳಬೇಕು. ಅಲ್ಲಿ ಹಳೇ ನಿಘಂಟಿನಾಗ ಹಂಗ ಐತ್ರಿ. ಈಗಿನವ್ರು ಅಷ್ಟ ನಂಬೂದಿಲ್ಲ."

"ಅವರಿಗೇನ ಗೊತ್ತು! ನನ್ನಂಗ ಕತ್ತಲಿಗೆ ಅಂಜಾಂವನ ಅದನ್ನ ಬರದಾನ," ಎಂದ ಕಾಕಾ.

ಅಲ್ಲೇ ಕೂತು ಆ ಅಕ್ಷರವನ್ನು ತಗಡಿನಲ್ಲಿ ಕೊರೆದ. ಆಮೇಲೆ ಬಂದ ಗಿರಾಕಿಗೆಲ್ಲ ಅದೇ ಕಥೆ. "ಸಾಕ್ ಮಾಡ ಕಾಕಾ, ಮಂದಿ ಹೊಂಟ್ರು," ಎಂದು ನಾನು ಬೈಯುತ್ತಿದ್ದೆ.

ನಾವು ಕೊನೆಯ ಸಲ ಕೂಡಿ ಹೋದದ್ದು ತಿರ್ಲಾಪುರದ ಸಂತೆಗೆ. ಬರುವಾಗ ಹಳ್ಳ ರಸ್ತೆಯ ಮೇಲೆ ಬಂದಿತ್ತು. ನಮ್ಮ ಕಡೆ ಹನಿ ಮಳೆಯಿಲ್ಲ, ಮೇಲೆ ಎಲ್ಲೋ ಆಗಿತ್ತು. ಕಾಕಾ ಬೇಡ ಎಂದ, ನಾನೂ ದಾಟಲಿಲ್ಲ. ಗಾಡಿ ತಿರುಗಿಸುವಷ್ಟರಲ್ಲಿ ಹಿಂದಿನ ತಗ್ಗೂ ತುಂಬಿತ್ತು. ನೀರು ಗಾಲಿಗೆ ಬಂತು, ಸೀಟಿಗೆ ಬಂತು. ಗಾಡಿ ಮಗುಚಿತು. ನನ್ನ ಕೈಗೆ ಜಾಲಿಗಿಡ ಸಿಕ್ಕಿತು. ಮುಳ್ಳು ಅಂಗೈಗೆ ಇಳಿದರೂ ಬಿಡಲಿಲ್ಲ. ಕೊಡಗಳು ಒಂದಕ್ಕೊಂದು ಬಡಿಯುತ್ತ ತೇಲಿ ಹೋದವು. ಹೊತ್ತು ಮುಳುಗಿತ್ತು, ಏನೂ ಕಾಣುತ್ತಿರಲಿಲ್ಲ.

"ಕಾಕಾ!"

"ಇಮಾಮಸಾಬ!" ಎಂದು ಹರಿವಿನ ಕೆಳಗಿನಿಂದ ಕೂಗಿದ. ಹಲ್ಲು ಕಟಕಟ ಎನ್ನುತ್ತಿದ್ದವು. "ನಿಂದ ಹೇಳಲೇ! ಹೇಳ್ಕೋಂತನ ಇರು, ನೀ ಅದಿ ಅಂತ ನನಗ ಗೊತ್ತಾಗ್ಲಿ!"

"ಮಂಜ್ಯಾ!"

"ಮಂಜ್ಯಾಗೋಳು ಊರ ತುಂಬ ಅದಾರ. ಪೂರಾ ಹೇಳು!"

"ಮಂಜುನಾಥ!"

ಅವನೊಮ್ಮೆ, ನಾನೊಮ್ಮೆ. ಅವನದು ತಡವಾದರೆ ನಾನೇ ಎರಡೆರಡು ಸಲ ಕೂಗುತ್ತಿದ್ದೆ. ದನಿ ಸಣ್ಣದಾಯಿತು. ಆಮೇಲೆ ಬರಲಿಲ್ಲ.

ದಂಡೆಯ ಮೇಲೆ ಬ್ಯಾಟರಿ ಬೆಳಕು ಕಂಡಿತು. "ಎಷ್ಟ ಮಂದಿ ಅದೀರೋ?" ಎಂದು ಯಾರೋ ಕೂಗಿದರು. ಒಬ್ಬನೇ ಎಂದರೆ ಒಬ್ಬನನ್ನು ಎಳೆದುಕೊಂಡು ಹೋಗಿಬಿಡುತ್ತಾರೆ ಎಂದು ಅಂಜಿದೆ. "ಮಂಜುನಾಥ!" ಎಂದು ಕೂಗಿದೆ. ದನಿ ದಪ್ಪ ಮಾಡಿ "ಇಮಾಮಸಾಬ!" ಎಂದೂ ಕೂಗಿದೆ.

ಹಗ್ಗ ಒಗೆದು ನನ್ನನ್ನು ಎಳೆದರು. "ಇನ್ನೊಬ್ಬಾಂವ ಎಲ್ಲೆದಾನ?" ಎಂದು ಕೇಳಿದರು. ಕಾಕಾನ ದನಿ ಬರುತ್ತಿದ್ದ ಕಡೆ ಕೈ ತೋರಿಸಿದೆ.

"ಇಮಾಮಸಾಬಣ್ಣಾ, ಗಟ್ಟಿ ಹಿಡಿ!" ಎಂದು ಕೂಗಿ ಅತ್ತ ಒಗೆದರು. ಹಗ್ಗ ಹಗುರವಾಗಿ ಹೊಳ್ಳಿ ಬಂತು.

"ಮತ್ತ ಒಗೀರಿ," ಎಂದೆ.

ಒಗೆದರು.