ಬಲ್ಬಿನ ಕೆಳಗೆ ಕೆನ್ನೆ
ಹಿಂಡಿ-ಬೂಸಾ ಅಂಗಡಿಯ ಯಜಮಾನರನ್ನು ಬೀದಿಯ ಮಕ್ಕಳು ಕರೆಯುವುದೇ ‘ಕೈತೊಳ್ಕೋ ತಾತ’ ಎಂದು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಕೋಳಿಮರಿ ಮುಟ್ಟುವ ಮೊದಲೂ ಸೋಪು, ಮುಟ್ಟಿದ ಮೇಲೂ ಸೋಪು. ಮರಿಗೆ ಮುತ್ತು ಕೊಡಲು ಹೋದವರಿಗೆ ಬೈಗುಳ. ಕೊಳ್ಳಲು ಬಂದವರಿಗೋ ಪೊಲೀಸರೂ ಕೇಳದಷ್ಟು ಪ್ರಶ್ನೆ: “ಮನೇಲಿ ಬಲ್ಬಿದೆಯಾ? ಬೆಕ್ಕಿದೆಯಾ? ನೀರಿನ ತಟ್ಟೆ ಎಷ್ಟು ಆಳ?” ಒಂದೇ ಮರಿ ಸಾಕು ಎಂದರಂತೂ ಮುಗಿಯಿತು: “ನಿಮ್ಮೊಬ್ಬರನ್ನೇ ಪೆಟ್ಟಿಗೇಲಿ ಕೂಡಿಹಾಕ್ಲಾ?” ಬಲ್ಬಿನ ಶಾಖ ಅಳೆಯಲು ಥರ್ಮಾಮೀಟರನ್ನು ನಂಬುವ ಜನವಲ್ಲ, ಮರಿಗಳನ್ನು ಬಿಡುವ ಮುಂಚೆ ಪೆಟ್ಟಿಗೆಯೊಳಗೆ ತಮ್ಮ ಕೆನ್ನೆಯನ್ನೇ ಇಟ್ಟು ನೋಡಬೇಕು. “ಹೆತ್ತ ಮಕ್ಕಳಿಗೂ ಇವರು ಇಷ್ಟು ಮಾಡ್ಲಿಲ್ಲ ಕಣ್ರೀ!” ಎಂದು ಹೆಂಡತಿ ಗಿರಾಕಿಗಳ ಮುಂದೆ ಹಣೆ ಚಚ್ಚಿಕೊಳ್ಳುತ್ತಾಳೆ. ಆದರೆ ಅವಳಿಗೆ ಗೊತ್ತು. ಏಳು ತಿಂಗಳಿಗೇ ಹುಟ್ಟಿದ ಅಂಗೈಯಗಲದ ಕೂಸು ಈ ಯಜಮಾನರು. ಡಾಕ್ಟರೇ ಕೈಚೆಲ್ಲಿದಾಗ ಅಜ್ಜಿ ಹತ್ತಿಯಲ್ಲಿ ಸುತ್ತಿ, ಬಲ್ಬಿನಡಿ ಪೆಟ್ಟಿಗೆಯಲ್ಲಿ ಮಲಗಿಸಿ, ಗಳಿಗೆಗೊಮ್ಮೆ ಕೆನ್ನೆ ತಾಗಿಸಿ ಬಿಸಿ ನೋಡುತ್ತಾ ಉಳಿಸಿಕೊಂಡಿದ್ದಳು. ಪ್ರತಿ ಬೆಳಿಗ್ಗೆ ಬಲ್ಬು ಹಾಕಿ ಪೆಟ್ಟಿಗೆಗೆ ಬಗ್ಗಿದಾಗ ಅರವತ್ತು ದಾಟಿದ ಗಂಡ ಪಿಸುಗುಡುವ ಮಾತು, ಕೇಳಿಸಲೇ ಇಲ್ಲವೆಂಬಂತೆ ಕಸ ಗುಡಿಸುವ ಅವಳ ಕಿವಿಗೆ ಬಿದ್ದೇ ಬೀಳುತ್ತದೆ: “ಬೆಚ್ಚಗಿದೀನಿ, ಅಜ್ಜಿ.”